ವಕೀಲರ ವೆಲ್ಕ್ರೋ ಬ್ಯಾಂಡ್: ವರ್ಷ ದಾಟಿದ ಮೇಲೆ

ವಕೀಲರು ಕತ್ತಿಗೆ ಕಟ್ಟಿಕೊಳ್ಳುವ ಬಿಳಿ ಬ್ಯಾಂಡ್ ವೆಲ್ಕ್ರೋದ್ದಾದರೆ ಹಾಕಿಕೊಳ್ಳೋದು ಸುಲಭ, ನಿಜ. ಆದರೆ ಉದ್ದ ಕೂದಲಿನವರು ಕೊಳ್ಳುವ ಮುಂಚೆ ಒಮ್ಮೆ ಇದನ್ನು ಓದಿ.

ನಾನು ಕಲಬುರಗಿಯಲ್ಲಿ ವಕೀಲಿ ಮಾಡುತ್ತೇನೆ. ಕೋರ್ಟ್ ಎದುರಿನ ಅಂಗಡಿಯಲ್ಲಿ 150 ರೂಪಾಯಿಗೆ ತಂದ ಕಾಲರ್ ಬ್ಯಾಂಡ್ ಇದು. ಚೂಡಿದಾರ್, ಸೀರೆ ಎರಡಕ್ಕೂ ಆಗುತ್ತದೆ. ತೊಂದರೆ ಇರೋದೆಲ್ಲ ಕತ್ತಿನ ಹಿಂದಿನ ಎರಡಿಂಚು ವೆಲ್ಕ್ರೋದಲ್ಲಿ. ತುರುಬಿನಿಂದ ಜಾರಿದ ಕೂದಲೆಲ್ಲ ಹೋಗಿ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ವಾದದ ನಡುವೆ ಫೈಲ್ ನೋಡಲು ತಲೆ ಬಗ್ಗಿಸಿದರೆ ಚುರ್ ಅನ್ನುತ್ತದೆ. ಸೆರಗಿಗೆ ತಾಗಿದರೆ ಎಳೆ ಕಿತ್ತು ಬರುತ್ತದೆ. ಇನ್ನು ಆ ಸದ್ದು! ಸಾಕ್ಷಿ ವಿಚಾರಣೆ ನಡೆಯುವಾಗ ಸುಮ್ನೆ ಸರಿಮಾಡಿಕೊಳ್ಳಲು ಹೋದರೂ ಚರ್ರ್ ಅಂತ ಇಡೀ ಕೋರ್ಟ್ ಹಾಲ್ ತಿರುಗಿ ನೋಡುತ್ತದೆ.

ನಮ್ಮೂರ ಬಿಸಿಲು ಗೊತ್ತಲ್ವಾ? ಬೇಸಿಗೆಯಲ್ಲಿ ಜಿಲ್ಲಾ ಕೋರ್ಟಿಗೆ ಕಪ್ಪು ಕೋಟು ಕಡ್ಡಾಯವಲ್ಲ, ಬಾರ್ ಕೌನ್ಸಿಲ್ ನಿಯಮದಲ್ಲೇ ವಿನಾಯಿತಿ ಇದೆ. ಬ್ಯಾಂಡಿಗೆ ಆ ಭಾಗ್ಯ ಇಲ್ಲ. 2020ರ ಮೇ ತಿಂಗಳಲ್ಲಿ ವಿಡಿಯೋ ವಿಚಾರಣೆಗೆ ಸುಪ್ರೀಂ ಕೋರ್ಟ್ ಕೋಟು, ಗೌನು ಬೇಡ ಅಂದಾಗಲೂ ಬಿಳಿ ಬ್ಯಾಂಡ್ ಮಾತ್ರ ಉಳಿಯಿತು. ಕೋಟಿಲ್ಲದ ದಿನ ಕಾಲರಿನ ಬೆವರಿನ ಕಲೆ ಇನ್ನೂ ಜಾಸ್ತಿ ಎದ್ದು ಕಾಣುತ್ತದೆ.

ಆ ಲೆಕ್ಕದಲ್ಲಿ ಬಟ್ಟೆಗೆ ಪೂರ್ತಿ ಮಾರ್ಕು. ಒಳ್ಳೆ ದಪ್ಪ ಕಾಟನ್, ಉಜ್ಜಿದಷ್ಟೂ ಬೆಳ್ಳಗಾಗುತ್ತದೆ. ಭಾನುವಾರ ಸೋಪು ಹಚ್ಚಿ ತೊಳೆದು, ತಿಳಿ ಗಂಜಿಯಲ್ಲಿ ಅದ್ದಿ, ನೆರಳಲ್ಲಿ ಒಣಹಾಕುತ್ತೇನೆ. ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ. ಮೊದಲು ಹಿಂಬದಿ, ಆಮೇಲೆ ಮುಂಬದಿ. ಮುಂದಿನ ಎರಡು ಪಟ್ಟಿ ಹಪ್ಪಳದ ಹಾಗೆ ಗರಿಗರಿ ಆಗುತ್ತವೆ. ಹಳೆ ಕೇಸ್ ಫೈಲಿನ ರಟ್ಟುಗಳ ನಡುವೆ ಇಟ್ಟರೆ ಸೋಮವಾರದವರೆಗೆ ಮಡಿಕೆ ಬೀಳಲ್ಲ. ಈ ಕೆಲಸ ಮನೆಯಲ್ಲಿ ಬೇರೆ ಯಾರಿಗೂ ಕೊಡಲ್ಲ ನಾನು. ಪ್ಲಾಸ್ಟಿಕ್ ಬ್ಯಾಂಡಿಗೆ ಇದ್ಯಾವುದೂ ಬೇಡ, ಒರೆಸಿದರೆ ಸಾಕು. ಆದರೆ ಏಪ್ರಿಲ್‌ನಲ್ಲಿ ಅದನ್ನು ಹಾಕಿಕೊಂಡರೆ ಕತ್ತು ಬೆಂದೇಹೋಗುತ್ತದೆ.

ಮಳೆಗಾಲದ ಹೊತ್ತಿಗೆ ವೆಲ್ಕ್ರೋಗೆ ಕೂದಲು, ದಾರ ತುಂಬಿ ಹಿಡಿತವೇ ಹೋಯಿತು. ಬಟ್ಟೆ ಗಟ್ಟಿಯಾಗಿದೆ, ಎಸೆಯಲು ಮನಸ್ಸು ಬರಲಿಲ್ಲ. ನಮ್ಮ ಓಣಿಯ ಟೇಲರ್ ವೆಲ್ಕ್ರೋ ಕಿತ್ತು 20 ರೂಪಾಯಿಗೆ ಟಿಚ್ ಬಟನ್ ಹಾಕಿಕೊಟ್ಟರು. ಈಗ ಕೂದಲೂ ಸಿಗಲ್ಲ, ಸದ್ದೂ ಇಲ್ಲ. ಅಂಗಡಿಯಿಂದ ಬಂದ ಹಾಗೆ ಆದರೆ 5ಕ್ಕೆ 3, ಟಿಚ್ ಬಟನ್ ಹಾಕಿಸಿದ ಮೇಲೆ ನಾಲ್ಕೂವರೆ. ನೀವೂ ಮಾಡಿಸುವುದಾದರೆ ಅರ್ಧ ಇಂಚು ಬಿಟ್ಟು ಇನ್ನೊಂದು ಟಿಚ್ ಬಟನ್ ಹಾಕಿಸಿ. ಮಧ್ಯಾಹ್ನ ಊಟ ಆದ ಮೇಲೆ ಬೇಕಾಗುತ್ತದೆ.