ಕನಿಷ್ಠ ಕೂಲಿ: ಕಾನೂನಿನಿಂದಲೋ, ಸಂಘದ ಒಪ್ಪಂದದಿಂದಲೋ?

ಯಾವುದನ್ನು ಬೆಂಬಲಿಸಬೇಕು ಅಂತ ಯೋಚಿಸುತ್ತಿದ್ದೀರಾ? ಕಾನೂನಿದ್ದರೆ ಸಂಘಕ್ಕೆ ಸೇರದ ಕಾರ್ಮಿಕರಿಗೂ ರಕ್ಷಣೆ ಸಿಗುತ್ತದೆ. ಜರ್ಮನಿ 2015ರಲ್ಲಿ ಗಂಟೆಗೆ 8.50 ಯೂರೋದಿಂದ ಶುರು ಮಾಡಿತು. ಆದರೆ ದರ ಏರಿಸುವುದು ರಾಜಕಾರಣಿಗಳ ಕೈಯಲ್ಲೇ ಇದ್ದರೆ ಕಷ್ಟ. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಲ್ಲಿ ಗಂಟೆಗೆ 7.25 ಡಾಲರ್ ಆಯಿತು. ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತಿತು. ಸಾಮಾನಿನ ಬೆಲೆ ಮಾತ್ರ ಏರುತ್ತಲೇ ಹೋಯಿತು. ಇದು ಅನ್ಯಾಯ ಅಲ್ವಾ? ಹಲವು ರಾಜ್ಯಗಳು ತಾವೇ ಜಾಸ್ತಿ ಮಾಡಿದವು, ಅದು ಬೇರೆ ಮಾತು.

ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ ಇಂಥ ಕಾನೂನೇ ಇಲ್ಲ. ಸಂಘಗಳೂ ಮಾಲೀಕರೂ ಕೂತು ಮಾತಾಡಿ ಕೂಲಿ ನಿಗದಿ ಮಾಡುತ್ತಾರೆ. ನನಗೆ ಇದೇ ಇಷ್ಟ, ಕಾರ್ಮಿಕರ ಮಾತಿಗೆ ಬೆಲೆ ಇರುತ್ತದೆ. ಆದರೆ ಅಲ್ಲಿ ಬಹುಪಾಲು ಕಾರ್ಮಿಕರು ಸಂಘದಲ್ಲಿದ್ದಾರೆ. ಸಂಘಗಳಿಗೆ ಬಲವಿಲ್ಲದ ಕಡೆ ಮೊದಲು ಕಾನೂನನ್ನೇ ಕೇಳಿ.