ಡೆನ್ವರ್‌ನ ಹಿಮದಲ್ಲಿ ಯುಕ್ಕಾ ರಾಸ್ಟ್ರೇಟಾ

ಪಶ್ಚಿಮ ಟೆಕ್ಸಾಸ್ ಮತ್ತು ಉತ್ತರ ಮೆಕ್ಸಿಕೋದ ಮರುಭೂಮಿಯ ಈ ಗಿಡವನ್ನು ಡೆನ್ವರ್‌ನ ನರ್ಸರಿಯೊಂದರಿಂದ ಎರಡು ಸಲ ಕೊಂಡಿದ್ದೇನೆ. ಇದನ್ನು ಕೊಲ್ಲುವುದು ಚಳಿಗಿಂತ ಹೆಚ್ಚಾಗಿ ಚಳಿಗಾಲದಲ್ಲಿ ಬುಡದಲ್ಲಿ ನಿಲ್ಲುವ ನೀರು. ಅಂಗಡಿಯವರು ಆ ಮಾತನ್ನೇ ಎತ್ತಲಿಲ್ಲ. ಜೇಡಿಮಣ್ಣಿನಲ್ಲಿ ನೆಟ್ಟ ಮೊದಲ ಗಿಡ ಮಾರ್ಚ್ ಹೊತ್ತಿಗೆ ಕೊಳೆತು, ಮುಟ್ಟಿದರೆ ಸುಳಿ ಕೈಗೇ ಕಿತ್ತು ಬಂತು. ತುಂಬಾ ಸಂಕಟವಾಯಿತು.

ಎರಡನೆಯದನ್ನು ಮೇ ತಿಂಗಳಲ್ಲಿ ಮನೆಯ ದಕ್ಷಿಣ ಗೋಡೆಯ ಪಕ್ಕ ಜಲ್ಲಿ ಬೆರೆಸಿದ ದಿಬ್ಬದ ಮೇಲೆ ನೆಟ್ಟೆ. ಹಿಮ ಬೀಳುವ ಮುನ್ನ ಎಲೆಗಳನ್ನು ಮೇಲಕ್ಕೆತ್ತಿ ಸೆಣಬಿನ ಹಗ್ಗದಿಂದ ಸಡಿಲವಾಗಿ ಕಟ್ಟಿದೆ. ಮೈನಸ್ 20 ಡಿಗ್ರಿಯನ್ನೂ ತಡೆದುಕೊಂಡಿತು! ಗಿಡಕ್ಕೆ ಐದಕ್ಕೆ ಐದು, ಅಂಗಡಿಯ ಸಲಹೆಗೆ ಒಂದೇ. ಬೆಳಗಿನ ಬಿಸಿಲು ಬಿದ್ದಾಗ ನೀಲಿ ಎಲೆಗಳ ಅಂಚಿನ ತೆಳು ಹಳದಿ ಗೆರೆ ಹೊಳೆಯುತ್ತದೆ.