ಕಿಟ್ ನಿಂತ ಮೇಲೆ: ಕಪಿಲಾ ದಡದ ಊರಿನಲ್ಲಿ ಕಂಡ ಒಂದು ನೆರವು ಸಂಸ್ಥೆಯ ಸೇವೆ

ಮೈಸೂರಿನಲ್ಲಿ ಕಚೇರಿ ಇಟ್ಟುಕೊಂಡು ನೆರೆ, ಬರ ಬಂದ ಊರುಗಳಲ್ಲಿ ಕೆಲಸ ಮಾಡುವ ಒಂದು ಸ್ವಯಂಸೇವಾ ಸಂಸ್ಥೆಯ ಸೇವೆಯನ್ನು 2019ರ ಆಗಸ್ಟ್‌ನಿಂದ ಸುಮಾರು ಒಂದು ವರ್ಷ ಹತ್ತಿರದಿಂದ ಕಂಡಿದ್ದೇನೆ. ನಂಜನಗೂಡು ತಾಲ್ಲೂಕಿನ ನಮ್ಮೂರಿನಲ್ಲಿ ಫಲಾನುಭವಿಗಳ ಪಟ್ಟಿ ಮತ್ತು ಸಭೆಯ ನಡಾವಳಿ ಬರೆಯುವ ಕೆಲಸ, ನಾನು ನಿವೃತ್ತ ಮೇಷ್ಟ್ರೆಂಬ ಒಂದೇ ಕಾರಣಕ್ಕೆ, ನನ್ನ ಪಾಲಿಗೆ ಬಂದಿತ್ತು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೆಳಗಿನ ದೂರುಗಳನ್ನೆಲ್ಲ ಅವರ ಎದುರಿಗೇ ಹೇಳಿಯಾಗಿದೆ. ಇಂಥ ಸಂಸ್ಥೆಗಳು ಮುಂದೆ ಬೇರೆ ಊರುಗಳಿಗೂ ಬರುತ್ತವೆ, ಅಲ್ಲಿನವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲ ಹದಿನೈದು ದಿನಗಳ ಸೇವೆಗೆ ಪೂರ್ಣ ಅಂಕ ಕೊಡಬೇಕು. ವಯನಾಡಿನ ಮಳೆಗೆ ನಮ್ಮ ಕಪಿಲೆಯ ಮೇಲಿನ ಕಬಿನಿ ಜಲಾಶಯ ತುಂಬಿ ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಬಿಟ್ಟಾಗ ಮಲ್ಲನಮೂಲೆ ಮಠದ ಬಳಿ ಹೆದ್ದಾರಿ ಮುಳುಗಿ ಮೈಸೂರು–ನಂಜನಗೂಡು ಸಂಚಾರವೇ ನಿಂತಿತ್ತು. ಸಂಸ್ಥೆಯ ಹುಡುಗರು ಸುತ್ತುದಾರಿ ಹಿಡಿದು ನಮ್ಮ ಶಾಲೆಯ ಗಂಜಿ ಕೇಂದ್ರಕ್ಕೆ ಬಂದು ಮೊದಲು ಕೇಳಿದ್ದು ನೀರಿನ ಲೆಕ್ಕವನ್ನು. ನಿರಾಶ್ರಿತರಿಗೆ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕೆಂಬುದು ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನದಂಡವಂತೆ; ಜನರನ್ನು ಎಣಿಸಿ, ಟ್ಯಾಂಕರ್ ದಿನಕ್ಕೆ ಎಷ್ಟು ಸಲ ಬರಬೇಕೆಂಬುದನ್ನು ಐದನೇ ತರಗತಿಯ ಕಪ್ಪು ಹಲಗೆಯ ಮೇಲೆ ಬರೆದಿಟ್ಟರು. ಅವರು ತಂದ ಕಿಟ್‌ನಲ್ಲಿ ಅಕ್ಕಿಯ ಜೊತೆಗೆ ರಾಗಿಹಿಟ್ಟೂ ಇತ್ತು. ಅದರ ಹಿಂದಿನ ದಿನ ಬಂದಿದ್ದ ಬೇರೊಂದು ಲಾರಿಯಿಂದ ಬ್ರೆಡ್ಡು ಮತ್ತು ಯಾರೋ ಉಟ್ಟು ಬಿಟ್ಟ ಸೀರೆಗಳ ಗಂಟು ಇಳಿದಿದ್ದವು. ಆ ಗಂಟನ್ನು ಯಾರೂ ಬಿಚ್ಚದೆ ಅದು ವಾರಗಟ್ಟಲೆ ಶಾಲೆಯ ಜಗಲಿಯಲ್ಲೇ ಬಿದ್ದಿತ್ತು.

ತೊಡಕು ಆರಂಭವಾದದ್ದು ಅಕ್ಟೋಬರ್‌ನಲ್ಲಿ, ದಸರಾ ಮುಗಿದ ಮೇಲೆ. ಅರಳಿಕಟ್ಟೆಯ ಸಭೆಯಲ್ಲಿ ಸಂಸ್ಥೆಯ ಸಂಯೋಜಕರು, ಮುಂದಿನ ತಿಂಗಳಿಂದ ಕಿಟ್ ಇರುವುದಿಲ್ಲ, ಇನ್ನು ಸ್ವಸಹಾಯ ಸಂಘ, ವಾರದ ಉಳಿತಾಯ ಮತ್ತು ಸುತ್ತುನಿಧಿಯಿಂದ (ಒಬ್ಬರು ತೀರಿಸಿದ್ದು ಇನ್ನೊಬ್ಬರಿಗೆ ಹೋಗುವ ಹಣದಿಂದ) ಸಾಲ ಎಂದು ಘೋಷಿಸಿದರು. ನಿನ್ನೆಯವರೆಗೆ ಅಕ್ಕಿ ಹಂಚಿದ ಅದೇ ಹುಡುಗರು, ಎದೆಯ ಮೇಲೆ ಅದೇ ಗುರುತಿನ ಅಂಗಿ ತೊಟ್ಟು, ಪಾಸ್‌ಬುಕ್ಕಿನ ಕಟ್ಟು ಹಿಡಿದು ನಿಂತಿದ್ದರು. ನದಿ ದಡದ ಮನೆ ಕಳೆದುಕೊಂಡಿದ್ದ ಅಜ್ಜಿಯೊಬ್ಬರು ಎದ್ದು, "ಅಕ್ಕಿ ಕೊಟ್ ಕೈಲೇ ಸಾಲದ್ ಪುಸ್ತ್ಕ ಕೊಡ್ತಿದ್ದೀರಲ್ಲ ಸಾ, ತಿಂದಿದ್ದ ಅಕ್ಕೀನೂ ಅದ್ರಲ್ಲೇ ಬರ್ಕಂಡಿದ್ದೀರಾ?" ಎಂದು ಕೇಳಿದರು. ಸಭೆಯಲ್ಲಿ ನಗು ಎದ್ದಿತು. ಸಂಯೋಜಕರು ಮಾತ್ರ ನಗಲಿಲ್ಲ, ಉತ್ತರವನ್ನೂ ಹೇಳಲಿಲ್ಲ.

ಉತ್ತರ ನನಗೆ ಸಿಕ್ಕಿದ್ದು ಆಮೇಲೆ, ಅವರೊಡನೆ ಬಸ್ ನಿಲ್ದಾಣದವರೆಗೆ ನಡೆದುಹೋದಾಗ. ದಾನಿಗಳು ಕೊಡುವ ಹಣದಲ್ಲಿ ತುರ್ತು ಪರಿಹಾರದ ಬಾಬತ್ತು ಬೇರೆ, ಅಭಿವೃದ್ಧಿಯ ಬಾಬತ್ತು ಬೇರೆ. ಮೊದಲನೆಯದನ್ನು ಮೂರು ತಿಂಗಳೊಳಗೆ ಖರ್ಚು ಮಾಡಿ ಲೆಕ್ಕ ಒಪ್ಪಿಸಬೇಕು, ಅದರಲ್ಲಿ ಉಳಿದ ಒಂದು ರೂಪಾಯಿಯನ್ನೂ ಎರಡನೆಯದಕ್ಕೆ ತಿರುಗಿಸುವಂತಿಲ್ಲ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ದೊಡ್ಡ ದಾನಿ ದೇಶಗಳು ಹೀಗೆ ಬಾಬತ್ತು ಕಟ್ಟಿ ಕೊಡುವುದನ್ನು ಕಡಿಮೆ ಮಾಡುತ್ತೇವೆ, ಹಲವು ವರ್ಷಗಳಿಗೆ ಒಟ್ಟಾಗಿ ಹಣ ಕೊಡುತ್ತೇವೆ ಎಂದು ಒಪ್ಪಿಕೊಂಡಿದ್ದವು. ನಮ್ಮ ಕಪಿಲೆಯ ದಡಕ್ಕೆ ಆ ಒಪ್ಪಂದದ ಗಾಳಿ ಇನ್ನೂ ಬೀಸಿರಲಿಲ್ಲ. ಆದರೆ ನನ್ನ ಆಕ್ಷೇಪ ಬೇರೆ: ಕಿಟ್ ನಿಲ್ಲುವ ದಿನಾಂಕ ಆಗಸ್ಟ್‌ನಲ್ಲೇ ಅವರಿಗೆ ಗೊತ್ತಿತ್ತು. ನೀರಿನ ಲೆಕ್ಕ ಬರೆದ ಹಲಗೆಯ ಮೇಲೆಯೇ ಅದನ್ನೂ ಬರೆದಿದ್ದರೆ ಆ ಅಜ್ಜಿಗೆ ಅಂಥ ಅನುಮಾನ ಬರುತ್ತಿರಲಿಲ್ಲ.

ಮುಂದಿನ ಮೂರು ಸಭೆಗಳು ಚೌಕಾಸಿಯಲ್ಲೇ ಕಳೆದವು. ಮನೆ ಪೂರ್ತಿ ಬಿದ್ದವರಿಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ತಕ್ಷಣದ ಪರಿಹಾರವೆಂದು 10,000 ರೂಪಾಯಿಯೂ ಇತ್ತು. ಬೆಳೆ ಪರಿಹಾರ ಮಾತ್ರ ಪಹಣಿಯಲ್ಲಿ ಹೆಸರಿರುವವರಿಗೆ ಹೋಗುತ್ತದೆ; ನೀರಾವರಿ ಜಮೀನಿಗೆ ಹೆಕ್ಟೇರಿಗೆ 13,500 ರೂಪಾಯಿ ಎಂಬ ಅಂದಿನ ದರ, ಬೇರೆಯವರ ಜಮೀನನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡಿ ಭತ್ತದ ಪೈರು ಕಳೆದುಕೊಂಡವನ ಕೈಗೆ ಸೇರುವುದೇ ಇಲ್ಲ. ಆದ್ದರಿಂದ ಒಂಟಿ ಮುದುಕರಿಗೂ, ಸ್ವಂತ ಜಮೀನಿಲ್ಲದ ವಾರಗಾರರಿಗೂ ಸಂಕ್ರಾಂತಿಯವರೆಗೆ ಕಿಟ್ ಮುಂದುವರಿಯಬೇಕು, ಉಳಿದವರಿಗೆ ನಿಲ್ಲಿಸಬಹುದು ಎಂದು ನಾವು ಪಟ್ಟು ಹಿಡಿದೆವು. ಸಂಸ್ಥೆ ಒಪ್ಪಿತು; ಹಣವನ್ನು ಸ್ಥಳೀಯ ದಾನಿಗಳಿಂದ ಹೊಂದಿಸಿದರೆಂದು ತಿಳಿಯಿತು. ದುಡಿಯಬಲ್ಲವರಿಗೆ ಜಾಬ್ ಕಾರ್ಡ್ ಮಾಡಿಸಿ, ಹೂಳು ತುಂಬಿದ ಕಾಲುವೆ ತೆಗೆಯುವ ಕೆಲಸವನ್ನು ಉದ್ಯೋಗ ಖಾತ್ರಿಯಲ್ಲಿ ಹಾಕಿಸಲು ಪಂಚಾಯಿತಿಗೆ ಅವರೇ ಓಡಾಡಿದರು. ಆಗ ದಿನಕ್ಕೆ 249 ರೂಪಾಯಿ ಕೂಲಿ. ಗಂಡಸರು ಮೂಗು ಮುರಿದರು, ಹೆಂಗಸರು ಕೆಲಸಕ್ಕೆ ಬಂದರು. ಇಡೀ ವರ್ಷದಲ್ಲಿ ನಾನು ಅತಿ ಹೆಚ್ಚು ಮೆಚ್ಚಿದ್ದು ಈ ಓಡಾಟವನ್ನು. ಆದರೆ ಅವರ ವರದಿಯಲ್ಲಿ ಇದಕ್ಕೆ ಎರಡು ಸಾಲು, ಹೊಲಿಗೆ ಯಂತ್ರಕ್ಕೆ ಎರಡು ಪುಟ.

ಹೊಲಿಗೆ ಯಂತ್ರದ ವಿಚಾರವನ್ನು ಹೇಳಲೇಬೇಕು. ಅಭಿವೃದ್ಧಿಯೆಂದರೆ ಹೆಂಗಸರಿಗೆ ಟೈಲರಿಂಗ್ ಎಂದು ಯಾರು ಯಾವಾಗ ತೀರ್ಮಾನಿಸಿದರೋ ಕಾಣೆ. ಊರಿನಲ್ಲಿ ಆಗಲೇ ಇಬ್ಬರು ಟೈಲರ್‌ಗಳಿದ್ದರು, ಅವರಿಗೇ ಹಬ್ಬದ ಹೊರತು ಕೆಲಸವಿರಲಿಲ್ಲ. ಸಂಘದವರು ಕೇಳಿದ್ದು ಹಸುವನ್ನು. ನೆರೆಯಲ್ಲಿ ಕೊಚ್ಚಿಹೋದದ್ದು ಹಸು, ಊರಿನಲ್ಲಿ ಹಾಲಿನ ಡೇರಿ ಇದೆ, ಬಟವಾಡೆ ಕೈಗೆ ಬರುತ್ತದೆ. ಯೋಜನೆಯಲ್ಲಿ ಹಸುವಿಗೆ ಅವಕಾಶವಿಲ್ಲವೆಂದು ಆರು ಯಂತ್ರಗಳು ಬಂದವು.

ಸಂಘ ಕುದುರುತ್ತಿದ್ದಂತೆ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ನಂಜನಗೂಡಿನ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಕಾಣಿಸಿಕೊಂಡು ನಮ್ಮ ತಾಲ್ಲೂಕಿನ ಹೆಸರು ದಿನವೂ ಟಿವಿಯಲ್ಲಿ ಬರತೊಡಗಿತು, ಕೂಲಿ ನಿಂತಿತು, ಅಭಿವೃದ್ಧಿಗೆ ಬಂದಿದ್ದ ಸಂಸ್ಥೆ ಮತ್ತೆ ಕಿಟ್‌ಗೆ ಮರಳಬೇಕಾಯಿತು. ಈ ಸಲ ಪಟ್ಟಿ ಬರೆದದ್ದು ನಾನಲ್ಲ, ಸಂಘದ ಹೆಂಗಸರು. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮೊದಲ ಸಾಲಿನಲ್ಲೇ, ಕಿಟ್ ಎಷ್ಟು ವಾರ, ಯಾವತ್ತು ನಿಲ್ಲುತ್ತದೆ ಎಂದು ಬರೆಸಿ ಸಂಯೋಜಕರ ಸಹಿ ಹಾಕಿಸಿಕೊಂಡರು. ಸಾಲದ ಕಂತನ್ನು ಮೂರು ತಿಂಗಳು ಮುಂದಕ್ಕೆ ಹಾಕುವ ನಿರ್ಣಯವೂ ಅದೇ ಪುಟದಲ್ಲಿದೆ.

ಒಟ್ಟಿನಲ್ಲಿ ಐದಕ್ಕೆ ಮೂರೂವರೆ ಅಂಕ. ಒಂದು ಅಂಕ ಕಳೆದದ್ದು ದಿನಾಂಕ ಮುಚ್ಚಿಟ್ಟದ್ದಕ್ಕೆ, ಅರ್ಧ ಅಂಕ ಯಂತ್ರಗಳಿಗೆ. ಅವುಗಳಲ್ಲಿ ಎರಡು ಈಗಲೂ ನಡೆಯುತ್ತಿವೆ. ನಾಲ್ಕು ಸಂಘದ ಕಾರ್ಯದರ್ಶಿಯ ಮನೆಯ ನಡುಮನೆಯಲ್ಲಿ ಬೆಡ್‌ಶೀಟ್ ಹೊದ್ದು ಕುಳಿತಿವೆ, ಹೋದವರಿಗೆಲ್ಲ ಕಾಫಿ ಲೋಟ ಇಡುವುದು ಅವುಗಳ ಮೇಲೆಯೇ.